ಕಂಪೆನಿ ಹೋದರೂ ಅಕ್ಷರ ಉಳಿಯಬೇಕು

ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಮಧ್ಯಾಹ್ನದ ಊಟವಾದ ಬಳಿಕ ಇಪ್ಪತ್ತು ನಿಮಿಷಗಳ ಬಿಡುವಿರುತ್ತದೆ. ಹಿಂದೆ ಆ ಹೊತ್ತಿನಲ್ಲಿ ಯಕ್ಷಗಾನದ ಮಾತು ಬರುತ್ತಿತ್ತು. ಯಾವ ಮೇಳದ ಭಾಗವತರು ಮೇಲು, ಯಾರ ಅರ್ಥಗಾರಿಕೆ ಹೆಚ್ಚು ಎಂಬ ವಾದವು ಗಂಟೆ ಬಾರಿಸಿದರೂ ಮುಗಿಯುತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ಆ ಸ್ಥಾನವನ್ನು ಮೊಬೈಲು ಮತ್ತು ಗಣಕಯಂತ್ರಗಳ ಕಂಪೆನಿಗಳು ಆಕ್ರಮಿಸಿವೆ. ಆ್ಯಪಲ್ ಮೇಲೆಂದು ಒಬ್ಬರು, ಸ್ಯಾಮ್‌ಸಂಗ್ ಸಾಕೆಂದು ಇನ್ನೊಬ್ಬರು, ಮೈಕ್ರೋಸಾಫ್ಟ್ ಇಲ್ಲದೆ ಲೋಕವೇ ನಡೆಯದೆಂದು ಮತ್ತೊಬ್ಬರು. ತಾವೇ ಆ ಕಂಪೆನಿಗಳ ಪಾಲುದಾರರೋ ಎಂಬಷ್ಟು ಆವೇಶದಿಂದ ಚರ್ಚೆ ನಡೆಯುತ್ತದೆ. ಕಡೆಗೆ ಯಾರಾದರೊಬ್ಬರು ನಮ್ಮತ್ತ ತಿರುಗಿ, “ಮಾಸ್ತರರೇ, ನೀವು ಏನು ಹೇಳುತ್ತೀರಿ?” ಎಂದು ಕೇಳುವುದುಂಟು. ಅಲ್ಲಿ ಗಂಟೆಯ ನೆಪದಿಂದ ಪಾರಾದ ಪ್ರಶ್ನೆಗೆ ಇಲ್ಲಿ ಉತ್ತರ ಕೊಡಲು ಪ್ರಯತ್ನಿಸುತ್ತೇವೆ.

ನಾವು ಯಂತ್ರಶಾಸ್ತ್ರವನ್ನು ಬಲ್ಲವರಲ್ಲ. ಅಧ್ಯಾಪಕರ ತರಬೇತಿಯಲ್ಲಿ ನಮಗೆ ಕಲಿಸಿದ್ದು ಸೀಮೆಸುಣ್ಣ, ಕರಿಹಲಗೆ, ಕಾಗುಣಿತದ ಪಟ ಇವುಗಳ ಉಪಯೋಗವನ್ನು. ಆದರೆ ಗಡಿನಾಡಿನ ಹಳ್ಳಿಯೊಂದರಲ್ಲಿ ಮೂವತ್ತು ವರ್ಷಗಳಿಂದ ಮಕ್ಕಳನ್ನೂ ಅವರ ಮನೆಗಳನ್ನೂ ಕಂಡವರಿಗೆ, ಯಾವ ವಸ್ತು ಮನೆಯೊಳಕ್ಕೆ ಹೇಗೆ ಬಂತು, ಏನನ್ನು ತಂದಿತು, ಹೋಗುವಾಗ ಏನನ್ನು ಕೊಂಡೊಯ್ದಿತು ಎಂಬುದಷ್ಟು ತಿಳಿಯುತ್ತದೆ. ಆ ಅನುಭವದ ಮೇಲೆಯೇ ನಮ್ಮ ಅಭಿಪ್ರಾಯ ನಿಂತಿದೆ.

ಮೊದಲನೆಯದಾಗಿ, ಈ ವ್ಯವಹಾರದಲ್ಲಿ ಯಾವ ಕಂಪೆನಿಯೂ ಶಾಶ್ವತವಲ್ಲ. ಐಬಿಎಂ ಎಂಬ ಅಮೆರಿಕದ ಸಂಸ್ಥೆಯನ್ನು ನೋಡಿರಿ. ಗಣಕಯಂತ್ರವೆಂದರೆ ಐಬಿಎಂ ಎಂದೇ ಜಗತ್ತು ಭಾವಿಸಿದ್ದ ಕಾಲವೊಂದಿತ್ತು. ನಮ್ಮ ದೇಶದಲ್ಲಿಯೂ ಅದರ ಯಂತ್ರಗಳೇ ಪ್ರಧಾನವಾಗಿದ್ದವು. 1973ರ ವಿದೇಶೀ ವಿನಿಮಯ ನಿಯಂತ್ರಣ ಕಾನೂನಿನ ಪ್ರಕಾರ ವಿದೇಶೀ ಸಂಸ್ಥೆಗಳು ತಮ್ಮ ಇಲ್ಲಿಯ ಶಾಖೆಗಳಲ್ಲಿನ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕಾಗಿತ್ತು. 1977ರಲ್ಲಿ ಕೇಂದ್ರದ ಕೈಗಾರಿಕಾ ಮಂತ್ರಿಗಳಾದ ಜಾರ್ಜ್ ಫೆರ್ನಾಂಡಿಸ್, ನಮ್ಮ ನೆರೆಯ ಮಂಗಳೂರಿನಲ್ಲಿ ಹುಟ್ಟಿದವರು, ಆ ಕಾನೂನನ್ನು ಬಿಗಿಯಾಗಿ ಹಿಡಿದರು. ಐಬಿಎಂ ಒಪ್ಪಲಿಲ್ಲ. 1978ರಲ್ಲಿ ಭಾರತವನ್ನು ಬಿಟ್ಟು ಹೋಯಿತು. ಅದು ಬಿಟ್ಟುಹೋದ ಯಂತ್ರಗಳ ದುರಸ್ತಿಯನ್ನು ಸಿಎಂಸಿ ಎಂಬ ಸರಕಾರೀ ಸಂಸ್ಥೆ ವಹಿಸಿಕೊಂಡಿತು. 1976ರಲ್ಲಿ ಆರಂಭವಾಗಿದ್ದ ಎಚ್‌ಸಿಎಲ್ ಮೊದಲಾದ ದೇಶೀಯ ಸಂಸ್ಥೆಗಳಿಗೆ ಬೆಳೆಯಲು ಅವಕಾಶ ದೊರೆಯಿತು. ದೊಡ್ಡವನು ಎದ್ದು ಹೋದರೆ ಪಂಕ್ತಿ ನಿಲ್ಲುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಅದೇ ಐಬಿಎಂ 1981ರ ಆಗಸ್ಟ್ 12ರಂದು ಮೇಜಿನ ಮೇಲಿಡಬಹುದಾದ ಚಿಕ್ಕ ಗಣಕಯಂತ್ರವೊಂದನ್ನು ಪ್ರಕಟಿಸಿತು. ಅದರ ಆರಂಭದ ಬೆಲೆ 1,565 ಡಾಲರು. ಬೇಗನೆ ಮಾರುಕಟ್ಟೆಗೆ ಬರಬೇಕೆಂಬ ಅವಸರದಲ್ಲಿ ಐಬಿಎಂ ಎಲ್ಲವನ್ನೂ ತಾನೇ ಮಾಡದೆ, ಗಣಿಸುವ ಚಿಪ್ಪನ್ನು ಇಂಟೆಲ್‌ನಿಂದಲೂ ಯಂತ್ರವನ್ನು ನಡೆಸುವ ತಂತ್ರಾಂಶವನ್ನು ಮೈಕ್ರೋಸಾಫ್ಟ್‌ನಿಂದಲೂ ಪಡೆಯಿತು. ಆಗ ಮೈಕ್ರೋಸಾಫ್ಟ್ ಇನ್ನೂ ಚಿಕ್ಕ ಸಂಸ್ಥೆ. ಆದರೆ ಅದೇ ತಂತ್ರಾಂಶವನ್ನು ಬೇರೆಯವರಿಗೂ ಮಾರುವ ಹಕ್ಕನ್ನು ಅದು ತನ್ನಲ್ಲಿಯೇ ಉಳಿಸಿಕೊಂಡಿತು. 1982ರಲ್ಲಿ ಹುಟ್ಟಿದ ಕಾಂಪ್ಯಾಕ್ ಮೊದಲಾದವರು ಐಬಿಎಂ ಯಂತ್ರಕ್ಕೆ ಸರಿಹೊಂದುವ ಯಂತ್ರಗಳನ್ನು ಕಟ್ಟಿ ಮಾರತೊಡಗಿದರು. ಕಡೆಗೆ ಏನಾಯಿತು? ಕಾಂಪ್ಯಾಕ್ 2002ರಲ್ಲಿ ಎಚ್‌ಪಿ ಸಂಸ್ಥೆಯಲ್ಲಿ ಲೀನವಾಯಿತು. ಐಬಿಎಂ ತನ್ನ ಚಿಕ್ಕ ಗಣಕಯಂತ್ರಗಳ ವ್ಯಾಪಾರವನ್ನು 2005ರಲ್ಲಿ ಚೀನದ ಲೆನೊವೊ ಸಂಸ್ಥೆಗೆ ಮಾರಿ ಕೈತೊಳೆದುಕೊಂಡಿತು. ಮಾಡಿದವನು ಮಾರಿ ಹೋದನು. ಅವನು ಹಾಕಿಕೊಟ್ಟ ಮಾದರಿ ಮಾತ್ರ ಅದನ್ನು ಹತ್ತಾರು ಜನರು ಅನುಸರಿಸಿದ್ದರಿಂದ ಉಳಿಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಮ್ಮ ಕನ್ನಡದ ವಿಷಯಕ್ಕೂ ಇದು ಅನ್ವಯಿಸುತ್ತದೆ.

ಎರಡನೆಯದಾಗಿ, ಕಂಪೆನಿಗಳ ಹಗೆತನವೂ ಶಾಶ್ವತವಲ್ಲ. ಆ್ಯಪಲ್ ಮತ್ತು ಮೈಕ್ರೋಸಾಫ್ಟ್ ಬದ್ಧವೈರಿಗಳೆಂದು ಪ್ರಸಿದ್ಧಿ. ಆದರೆ 1997ರಲ್ಲಿ ಆ್ಯಪಲ್ ತೀರಾ ಕಷ್ಟದಲ್ಲಿದ್ದಾಗ ಅದರಲ್ಲಿ 15 ಕೋಟಿ ಡಾಲರು ತೊಡಗಿಸಿದ್ದು ಮೈಕ್ರೋಸಾಫ್ಟೇ. ಆ ವರ್ಷದ ಆಗಸ್ಟಿನಲ್ಲಿ ಬೋಸ್ಟನ್ ನಗರದ ಸಭೆಯೊಂದರಲ್ಲಿ ಆ್ಯಪಲ್‌ನ ಸ್ಟೀವ್ ಜಾಬ್ಸ್ ಈ ಒಪ್ಪಂದವನ್ನು ಪ್ರಕಟಿಸಿದಾಗ, ದೊಡ್ಡ ಪರದೆಯ ಮೇಲೆ ಬಿಲ್ ಗೇಟ್ಸರ ಮುಖ ಕಾಣಿಸಿತು. ಸಭೆಯಲ್ಲಿದ್ದ ಆ್ಯಪಲ್ ಅಭಿಮಾನಿಗಳಲ್ಲಿ ಹಲವರು ಕೂಗಿ ಅಸಮ್ಮತಿ ತೋರಿಸಿದರು. ಒಡೆಯರು ರಾಜಿಯಾದ ಮೇಲೂ ಅಭಿಮಾನಿಗಳ ಕೋಪ ಇಳಿಯಲಿಲ್ಲ! ನಮ್ಮ ಅಧ್ಯಾಪಕ ಮಿತ್ರರ ವಾದವನ್ನು ಕೇಳುವಾಗಲೆಲ್ಲ ನಮಗೆ ಈ ಪ್ರಸಂಗ ನೆನಪಾಗುತ್ತದೆ.

ಮೂರನೆಯ ನಿದರ್ಶನ ನಮ್ಮ ಮನೆಗಳದೇ. 2003ರಲ್ಲಿ ನೋಕಿಯಾ ಸಂಸ್ಥೆಯ 1100 ಎಂಬ ಮೊಬೈಲು ಬಂತು. ಅದರ ತಲೆಯಲ್ಲೊಂದು ಟಾರ್ಚು. ಧೂಳು ಹೊಗದ ಗುಂಡಿಗಳು. ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವವರಿಗೂ, ಆಟ ಮುಗಿಸಿ ಬೆಳಗಿನ ಜಾವ ಗದ್ದೆಯ ಹುಣಿಯ ಮೇಲೆ ಮನೆಗೆ ಬರುವವರಿಗೂ ಅದಕ್ಕಿಂತ ಒಳ್ಳೆಯ ಸಂಗಾತಿ ಇರಲಿಲ್ಲ. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಮೊಬೈಲು ಅದು. ಆದರೆ 2007ರಲ್ಲಿ ಆ್ಯಪಲ್‌ನ ಐಫೋನ್, 2008ರಲ್ಲಿ ಗೂಗಲ್‌ನ ಆಂಡ್ರಾಯ್ಡ್ ಉಳ್ಳ ಮೊಬೈಲುಗಳು ಬಂದ ಮೇಲೆ ಗಾಳಿ ಬದಲಾಯಿತು. 2014ರ ಏಪ್ರಿಲಿನಲ್ಲಿ ನೋಕಿಯಾದ ಮೊಬೈಲು ವ್ಯಾಪಾರ ಮೈಕ್ರೋಸಾಫ್ಟಿನ ಪಾಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಚೆನ್ನೈ ಸಮೀಪದ ಶ್ರೀಪೆರುಂಬುದೂರಿನ ಕಾರ್ಖಾನೆ ನಿಂತಿತು. 1865ರಲ್ಲಿ ಕಾಗದದ ಗಿರಣಿಯಾಗಿ ಆರಂಭವಾದ ಆ ಸಂಸ್ಥೆ ಈಗಲೂ ಇದೆ. ದೂರವಾಣಿ ಜಾಲಗಳ ಉಪಕರಣಗಳನ್ನು ತಯಾರಿಸುತ್ತಿದೆ. ಆದರೆ ನಮ್ಮ ಕೈಯಲ್ಲಿದ್ದ ನೋಕಿಯಾ ಅದಲ್ಲ.

ಕಂಪೆನಿಗಳು ಬರಲಿ, ಹೋಗಲಿ. ನಮಗೇನು ನಷ್ಟ ಎಂದು ಕೇಳಬಹುದು. ಬಹುಕಾಲ ನಾವೂ ಹಾಗೆಯೇ ಎಣಿಸಿದ್ದೆವು. ನಮ್ಮ ಶಾಲೆಯಲ್ಲಿ ನಡೆದ ಒಂದು ಸಂಗತಿಯು ನಮ್ಮ ಕಣ್ಣು ತೆರೆಸಿತು.

ನಮ್ಮ ಶಾಲೆ 1928ರಲ್ಲಿ ಆರಂಭವಾದುದು. ಕಾಸರಗೋಡು ಆಗ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಅದು ಕೇರಳಕ್ಕೆ ಸೇರಿತು. ಶಾಲೆ ಕನ್ನಡ ಶಾಲೆಯಾಗಿಯೇ ಉಳಿಯಿತು. 2003ರಲ್ಲಿ ಅಮೃತ ಮಹೋತ್ಸವವನ್ನು ಆಚರಿಸಿದಾಗ ಸ್ಮರಣ ಸಂಚಿಕೆಯೊಂದನ್ನು ಹೊರತಂದೆವು. ಆ ಸಂದರ್ಭದಲ್ಲಿ ಮಕ್ಕಳಿಂದ ಊರ ಹಿರಿಯರ ಮಾತುಗಳನ್ನು ಬರೆಸಿಕೊಂಡಿದ್ದೆವು. ಸುರಂಗ ತೋಡುತ್ತಿದ್ದ ಒಬ್ಬ ಅಜ್ಜ, ಮುರಕಲ್ಲಿನ ಗುಡ್ಡದಲ್ಲಿ ಎಲ್ಲಿ ಅಗೆದರೆ ನೀರು ಸಿಗುತ್ತದೆ, ಒಳಗೆ ಗಾಳಿ ಕಡಿಮೆಯಾದುದನ್ನು ದೀಪದ ಕುಡಿಯಿಂದ ತಿಳಿಯುವುದು ಹೇಗೆ ಎಂಬುದನ್ನು ಹೇಳಿದ್ದರು. ಒಬ್ಬ ಅಜ್ಜಿ ಕಯಮೆ, ಗಂಧಸಾಲೆ ಮೊದಲಾದ ಭತ್ತದ ತಳಿಗಳನ್ನೂ ಅವುಗಳ ಬಿತ್ತನೆಯ ಹೊತ್ತನ್ನೂ ವಿವರಿಸಿದ್ದರು. ಎಲ್ಲವನ್ನೂ ಪೇಟೆಯ ಮುದ್ರಣಾಲಯದಲ್ಲಿ ಗಣಕಯಂತ್ರದ ಮೂಲಕ ಅಕ್ಷರ ಜೋಡಣೆ ಮಾಡಿಸಿದೆವು. ಆದರೆ ಹಣ ಸಾಲದ ಕಾರಣ 41 ಪುಟಗಳನ್ನು ಸಂಚಿಕೆಯಿಂದ ಬಿಡಬೇಕಾಯಿತು. “ಸಿ.ಡಿ.ಯಲ್ಲಿ ಹಾಕಿ ಕೊಡುತ್ತೇವೆ ಮಾಸ್ತರರೇ, ಅದು ಎಲ್ಲಿಗೂ ಹೋಗುವುದಿಲ್ಲ” ಎಂದು ಅವರು ಹೇಳಿದರು. ಹಸ್ತಪ್ರತಿಗಳನ್ನು ನಾವು ಜೋಪಾನ ಮಾಡಲಿಲ್ಲ. ಅದು ನಮ್ಮದೇ ತಪ್ಪು.

2028ರ ಶತಮಾನೋತ್ಸವಕ್ಕೆಂದು 2023ರಲ್ಲಿ ಸಿದ್ಧತೆ ಆರಂಭಿಸಿ, ಆ ಸಿ.ಡಿ.ಯನ್ನು ಹೊರತೆಗೆದೆವು. ಅಷ್ಟರಲ್ಲಿ ಆ ಅಜ್ಜನೂ ಅಜ್ಜಿಯೂ ತೀರಿಹೋಗಿದ್ದರು. ಕಡತವೇನೋ ತೆರೆಯಿತು. ಆದರೆ ಪರದೆಯ ಮೇಲೆ ಕಾಣಿಸಿದ್ದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳು, ನಡುನಡುವೆ ತಲೆಯ ಮೇಲೆ ಗೀಟುಳ್ಳ ಪರದೇಶದ ಅಕ್ಷರಗಳು, ಪ್ರಶ್ನಾರ್ಥಕ ಚಿಹ್ನೆಗಳು, ಅರ್ಥವಿಲ್ಲದ ಸಾಲು ಸಾಲುಗಳು. ವಿಚಾರಿಸಿದರೆ ಆ ಮುದ್ರಣಾಲಯ ಮುಚ್ಚಿ ಹತ್ತು ವರ್ಷವಾಗಿತ್ತು. ಅವರು ಉಪಯೋಗಿಸಿದ್ದ ಕನ್ನಡ ತಂತ್ರಾಂಶವನ್ನು ಮಾರುತ್ತಿದ್ದವರೂ ವ್ಯಾಪಾರ ನಿಲ್ಲಿಸಿದ್ದರು. ಅದೇ ಕಪಾಟಿನಲ್ಲಿ 1928ರ ದಾಖಲಾತಿ ಪುಸ್ತಕವಿತ್ತು. ಮಸಿ ತುಸು ಮಾಸಿದ್ದರೂ ಮೊದಲ ದಿನ ಶಾಲೆಗೆ ಸೇರಿದ ಮಕ್ಕಳ ಹೆಸರುಗಳನ್ನು ನಮ್ಮ ನಾಲ್ಕನೆಯ ತರಗತಿಯ ಹುಡುಗಿ ನಿರಾಯಾಸವಾಗಿ ಓದಿದಳು. ತೊಂಬತ್ತೈದು ವರ್ಷದ ಕಾಗದ ಮಾತಾಡಿತು. ಇಪ್ಪತ್ತು ವರ್ಷದ ಯಂತ್ರ ಮೂಕವಾಯಿತು.

ಹೀಗೇಕಾಯಿತೆಂದು ವಿವರಿಸುವುದು ಅಗತ್ಯ. ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿ ಕೊಡಬೇಕು. ಆರಂಭದ ಯಂತ್ರಗಳಲ್ಲಿ ಆ ಸಂಖ್ಯೆಗಳು ಇಂಗ್ಲಿಷಿಗೂ ಯುರೋಪಿನ ಕೆಲವು ಭಾಷೆಗಳಿಗೂ ಮೀಸಲಾಗಿದ್ದವು. ಕನ್ನಡಿಗರು ಏನು ಮಾಡಬೇಕು? ಇಂಗ್ಲಿಷಿನ ಸಂಖ್ಯೆಗಳನ್ನೇ ಹಾಗೆ ಇಟ್ಟುಕೊಂಡು, ಪರದೆಯ ಮೇಲೆ ತೋರುವ ಆಕಾರಗಳನ್ನಷ್ಟೇ ಕನ್ನಡವಾಗಿ ಬದಲಾಯಿಸಿದರು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್. ರಂಗಸ್ಥಳದಲ್ಲಿ ವೇಷ ಕಟ್ಟಿದ ಹಾಗೆ. ಪ್ರತಿಯೊಂದು ತಂತ್ರಾಂಶದವರೂ ತಮ್ಮದೇ ರೀತಿಯಲ್ಲಿ ವೇಷ ಕಟ್ಟಿದ್ದರು. ಆ ತಂತ್ರಾಂಶದ ಅಕ್ಷರಾಕಾರಗಳು ಯಂತ್ರದಲ್ಲಿಲ್ಲವಾದರೆ ಕಿರೀಟ ಕಳಚಿ ಒಳಗಿನ ಇಂಗ್ಲಿಷ್ ಹೊರಬೀಳುತ್ತಿತ್ತು.

ಹಾಗೆಂದು ಆ ಕಾಲದಲ್ಲಿ ದುಡಿದವರನ್ನು ಹಳಿಯುವುದು ಕೃತಘ್ನತೆಯಾದೀತು. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾಯರು ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡವನ್ನು ಬರೆಯುವ ವಿನ್ಯಾಸವನ್ನು ರೂಪಿಸಿಕೊಟ್ಟರು. ಕರ್ನಾಟಕ ಸರಕಾರ ಅಂಗೀಕರಿಸಿದ ಕೀಲಿಮಣೆಗೆ ಅದೇ ಆಧಾರವಾಯಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದು ಮನೆಮನೆಗಳಲ್ಲಿ ಕನ್ನಡ ಬರೆಯುವಂತೆ ಮಾಡಿತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ದೊಡ್ಡ ಕಂಪೆನಿಗಳಿಗೆ ಕನ್ನಡವು ಲಾಭದ ಬಾಬತ್ತಲ್ಲವೆಂದು ಕಂಡ ದಿನಗಳಲ್ಲಿ ಇವರೆಲ್ಲ ಕೈಹಿಡಿಯದಿದ್ದರೆ ನಾವು ಗಣಕಯಂತ್ರದಲ್ಲಿ ಇಂಗ್ಲಿಷನ್ನೇ ಬರೆಯುತ್ತ ಕೂರಬೇಕಾಗುತ್ತಿತ್ತು.

ಈ ತೊಡಕಿಗೆ ಪರಿಹಾರ ದೊರೆತ ಬಗೆಯು ಕುತೂಹಲಕರವಾದುದು. ಮಾರುಕಟ್ಟೆಯಲ್ಲಿ ಒಬ್ಬರನ್ನೊಬ್ಬರು ತುಳಿಯಲು ಹವಣಿಸುವ ಆ್ಯಪಲ್, ಐಬಿಎಂ, ಮೈಕ್ರೋಸಾಫ್ಟ್ ಮೊದಲಾದ ಸಂಸ್ಥೆಗಳೇ ಸೇರಿ 1991ರಲ್ಲಿ ಯೂನಿಕೋಡ್ ಎಂಬ ಒಕ್ಕೂಟವನ್ನು ನೋಂದಾಯಿಸಿದವು. ಜಗತ್ತಿನ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೇ ಸಂಖ್ಯೆ. ಅದು ಎಲ್ಲ ಕಂಪೆನಿಗಳಿಗೂ ಸಮಾನ, ಯಾರ ಸೊತ್ತೂ ಅಲ್ಲ. ಅದೇ ವರ್ಷ ಪ್ರಕಟವಾದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ನಮ್ಮ ದೇಶದಲ್ಲಿ ಭಾರತೀಯ ಲಿಪಿಗಳಿಗಾಗಿ ಮೊದಲೇ ಸಿದ್ಧವಾಗಿದ್ದ ಇಸ್ಕಿ ಎಂಬ ವ್ಯವಸ್ಥೆ ಅದಕ್ಕೆ ಆಧಾರವಾಯಿತು. ಆದರೆ ಸಂಖ್ಯೆ ಗೊತ್ತಾದ ಮಾತ್ರಕ್ಕೆ ಯಂತ್ರ ಬರೆಯಲಾರದಷ್ಟೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಬಂತು. ಆಂಡ್ರಾಯ್ಡ್ ಮೊಬೈಲುಗಳಿಗೆ 2012ರಲ್ಲಿ ಬಂತು. ಮುದ್ರಣಾಲಯಗಳಲ್ಲಿ ಹಳೆಯ ಪದ್ಧತಿ ಇನ್ನೂ ಬಹುಕಾಲ ಉಳಿಯಿತು. ನಮ್ಮ ಸಂಚಿಕೆ ಸಿಕ್ಕಿಬಿದ್ದದ್ದು ಆ ಸಂಧಿಕಾಲದಲ್ಲಿ.

ಯೂನಿಕೋಡಿನಲ್ಲಿ ಕನ್ನಡದ ಮನೆ 3200ರಿಂದ 3327ರವರೆಗಿನ 128 ಸ್ಥಾನಗಳಲ್ಲಿದೆ. ‘ಕ’ಕಾರದ ಸಂಖ್ಯೆ 3221. ‘ಕ್ಷ’ ಬರೆಯಬೇಕಾದರೆ 3221ರ ‘ಕ’, ಸ್ವರವನ್ನು ಕಳೆಯುವ 3277ರ ಚಿಹ್ನೆ, 3255ರ ‘ಷ’, ಹೀಗೆ ಮೂರು ಸೇರುತ್ತವೆ. ನಾವು ವ್ಯಾಕರಣದ ಪಾಠದಲ್ಲಿ ಹೇಳಿಕೊಡುವ ಕ್ರಮವೇ ಅದು. ಇನ್ನೊಂದು ಸಂಗತಿ ಗಡಿನಾಡಿನವರಾದ ನಮಗೆ ವಿಶೇಷ ಸಂತೋಷವನ್ನು ಕೊಟ್ಟಿತು. ಕನ್ನಡದ ಹಿಂದಿನ ಮನೆ ತೆಲುಗಿನದು, 3199ಕ್ಕೆ ಮುಗಿಯುತ್ತದೆ. ಮುಂದಿನ ಮನೆ ಮಲಯಾಳದ್ದು, 3328ಕ್ಕೆ ಆರಂಭವಾಗುತ್ತದೆ. ನಡುವೆ ಒಂದು ಸ್ಥಾನವೂ ಬರಿದಾಗಿಲ್ಲ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಕಾಲಿಡುವಂತೆಯೂ ಇಲ್ಲ. ಆದವಾನಿ, ಮಡಕಶಿರದ ಬಂಧುಗಳೂ ಕಾಸರಗೋಡಿನ ನಾವೂ ಬಾಳುತ್ತಿರುವುದು ಇಂತಹ ನೆರೆಯಲ್ಲಿಯೇ ಅಲ್ಲವೆ?

ನಮ್ಮ 41 ಪುಟಗಳ ಕಥೆಯನ್ನು ಮುಗಿಸೋಣ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಈ ಸಂಗತಿಯನ್ನು ತಿಳಿಸಿದೆವು. ಹಳೆಯ ಕನ್ನಡವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇವೆ. ಆದರೆ ಅವು ಪ್ರಚಾರದಲ್ಲಿದ್ದ ತಂತ್ರಾಂಶಗಳಿಗೆ ಮಾತ್ರ. ನಮ್ಮದಕ್ಕೆ ಯಾವುದೂ ಒಗ್ಗಲಿಲ್ಲ. “ಸರ್, ಅದೇ ಅಕ್ಷರದಲ್ಲಿ ಅಚ್ಚಾದ ಪುಟ ಏನಾದರೂ ಉಂಟಾ?” ಎಂದು ಕೇಳಿದಳು. ಅಚ್ಚಾದ ಸ್ಮರಣ ಸಂಚಿಕೆಯೇ ಇತ್ತಲ್ಲ! ಅದರ ಕಡತವೂ ಆ ಸಿ.ಡಿ.ಯಲ್ಲಿತ್ತು. ಅಚ್ಚಿನ ಪುಟವನ್ನೂ ಪರದೆಯ ಗೊಂದಲವನ್ನೂ ಪಕ್ಕದಲ್ಲಿ ಪಕ್ಕ ಇಟ್ಟು, ಯಾವ ಗೊಂದಲ ಯಾವ ಅಕ್ಷರವೆಂದು ಅವಳು ಪಟ್ಟಿ ಮಾಡತೊಡಗಿದಳು. ತಲೆಕಟ್ಟು, ಇಳಿ, ಕೊಂಬು, ಒತ್ತಕ್ಷರ ಎಲ್ಲವೂ ಬೇರೆ ಬೇರೆ. ಅರ್ಕಾವೊತ್ತು ಎಲ್ಲಕ್ಕಿಂತ ಹೆಚ್ಚು ಕಾಡಿತು. ‘ಧರ್ಮ’ದಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಅದರ ಚಿಹ್ನೆಯನ್ನು ಕಡೆಗೆ ಬರೆಯುತ್ತೇವೆ. ಹಳೆಯ ಕಡತದಲ್ಲಿ ಅದು ಬರೆದ ಕ್ರಮದಲ್ಲಿತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿರಬೇಕು. ಸಂದೇಹ ಬಂದಾಗಲೆಲ್ಲ ರಾತ್ರಿ ನಮಗೆ ಕರೆ ಮಾಡುತ್ತಿದ್ದಳು. ಮೂರನೆಯ ತರಗತಿಯಲ್ಲಿ ಅವಳಿಗೆ ಒತ್ತಕ್ಷರ ಕಲಿಸಿದವರು ನಾವೇ. ಈಗ ಇಬ್ಬರೂ ಸೇರಿ ಯಂತ್ರಕ್ಕೆ ಕಲಿಸಿದೆವು.

ಮೂರು ವಾರಗಳಲ್ಲಿ 37 ಪುಟಗಳು ಮರಳಿ ಬಂದವು. ಸಿ.ಡಿ.ಯ ಮೇಲೆ ಗೀರು ಬಿದ್ದುದರಿಂದ ನಾಲ್ಕು ಪುಟಗಳು ಹೋದುವು. ಸುರಂಗದ ಅಜ್ಜನ ಮಾತುಗಳೆಲ್ಲವೂ ದೊರೆತವು. ಭತ್ತದ ಅಜ್ಜಿಯ ಮಾತು ಅರ್ಧಕ್ಕೆ ನಿಂತಿತು. ಉಳಿದರ್ಧವನ್ನು ಕೇಳಲು ಈಗ ಯಾರೂ ಇಲ್ಲ. ಅಜ್ಜಿಯ ಮಗಳಿಗೆ ದೊರೆತಷ್ಟನ್ನು ಓದಿ ಹೇಳಿದಾಗ, “ಅಮ್ಮ ಹಾಗೆಯೇ ಮಾತಾಡುತ್ತಿದ್ದದ್ದು” ಎಂದು ಸುಮ್ಮನಾದರು.

ಅಕ್ಷರಗಳಿಗೆ ಒದಗಿದ ಗತಿ ಬೇರೆಯವುಗಳಿಗೂ ಒದಗುತ್ತದೆ. 2004ರಲ್ಲಿ ಬಂದ ಆರ್ಕುಟ್ ಎಂಬ ತಾಣದಲ್ಲಿ ನಮ್ಮ ಊರಿನ ಎಷ್ಟೋ ಯುವಕರು ಗಲ್ಫ್ ದೇಶಗಳಿಂದ ಚಿತ್ರಗಳನ್ನೂ ಓಲೆಗಳನ್ನೂ ಹಾಕುತ್ತಿದ್ದರು. 2014ರ ಸೆಪ್ಟೆಂಬರ್ 30ರಂದು ಗೂಗಲ್ ಅದನ್ನು ಮುಚ್ಚಿತು. ಹಣ ಕೇಳದೆ ಕೊಟ್ಟ ಜಗಲಿಯನ್ನು ಬಾಡಿಗೆಯಿಲ್ಲದ ಮನೆಯೆಂದು ತಿಳಿದವರು ತಾವು. ಒಡೆಯರು ಬಾಗಿಲು ಹಾಕಿದಾಗ ದೂರುವಂತಿಲ್ಲ.

ಇದಕ್ಕೆ ಬೇರೆ ದಾರಿಯೂ ಇದೆ. ಕೇರಳ ಸರಕಾರವು 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿ, ಕ್ರಮೇಣ ಶಾಲೆಗಳ ಗಣಕಯಂತ್ರಗಳಲ್ಲಿ ಲಿನಕ್ಸ್ ಆಧಾರದ ಮುಕ್ತ ತಂತ್ರಾಂಶವನ್ನು ಬಳಕೆಗೆ ತಂದಿತು. ಲಿನಕ್ಸ್ ಎಂಬುದು 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನುಸ್ ಟೊರ್ವಾಲ್ಡ್ಸ್ ಆರಂಭಿಸಿ ಸಾವಿರಾರು ಜನರು ಕೂಡಿ ಬೆಳೆಸಿದ್ದು. ಅದರ ಒಳಗನ್ನು ಯಾರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಮೊದಮೊದಲು ನಾವೂ ಗೊಣಗಿದವರೇ. ಹೊರಗೆಲ್ಲ ವಿಂಡೋಸ್ ಇರುವಾಗ ಮಕ್ಕಳಿಗೆ ಇದೇಕೆಂದು. ಮಕ್ಕಳು ಮಾತ್ರ ಗೊಣಗಲಿಲ್ಲ. ಎರಡನ್ನೂ ಕಲಿತರು.

ಆದುದರಿಂದ, ಹೊಸ ಯಂತ್ರ ಕೊಳ್ಳುವ ಮನೆಯವರಿಗೆ ನಾವು ಹೇಳತಕ್ಕದ್ದು ಇಷ್ಟೇ. ಕಂಪೆನಿಯ ಹೆಸರನ್ನು ಕೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ. ಇದರಲ್ಲಿ ಬರೆದ ಕನ್ನಡವು ಬೇರೆ ಕಂಪೆನಿಯ ಯಂತ್ರದಲ್ಲಿಯೂ ಕನ್ನಡವಾಗಿಯೇ ತೆರೆಯುವುದೆ? ಕೆಟ್ಟರೆ ನಮ್ಮ ಪೇಟೆಯಲ್ಲಿ ಸರಿಪಡಿಸುವವರು ಸಿಗುತ್ತಾರೆಯೆ? ನಾಳೆ ಇದನ್ನು ಬಿಡಬೇಕಾಗಿ ಬಂದರೆ ನಮ್ಮ ಬರಹವನ್ನೂ ಚಿತ್ರಗಳನ್ನೂ ಕೊಂಡೊಯ್ಯಬಹುದೆ? ಈ ಮೂರಕ್ಕೂ ಹೌದೆಂಬ ಉತ್ತರ ದೊರೆತರೆ ಯಾವ ಕಂಪೆನಿಯಾದರೂ ಆದೀತು. ಅಲ್ಲದೆ, ಹಿರಿಯರ ಮಾತುಗಳನ್ನು ಯೂನಿಕೋಡಿನಲ್ಲಿ ಬರೆದು ಎರಡು ಕಡೆ ಇಡಿರಿ. ಮುಖ್ಯವಾದುದನ್ನು ಕಾಗದದ ಮೇಲೂ ಅಚ್ಚು ಮಾಡಿಸಿರಿ. ಗಡಿಯಾಚೆ ಇರುವ ನಮ್ಮ ಕನ್ನಡವನ್ನು ಕಾಯುವ ಹೊಣೆಯನ್ನು ಯಾವ ಕಂಪೆನಿಯೂ ವಹಿಸಿಕೊಂಡಿಲ್ಲ.

ಮೊನ್ನೆ ಅಧ್ಯಾಪಕರ ಕೊಠಡಿಯಲ್ಲಿ ಕಿರಿಯ ಮಿತ್ರರೊಬ್ಬರು ಹೊಸ ಮೊಬೈಲನ್ನು ತಂದು ಎಲ್ಲರಿಗೂ ತೋರಿಸಿದರು. ಅದರ ಕ್ಯಾಮರವನ್ನು ಎಲ್ಲರೂ ಹೊಗಳಿದರು. ನಮ್ಮ ಕೈಗೆ ಬಂದಾಗ ನಾವು ಆ 37 ಪುಟಗಳ ಕಡತವನ್ನು ಅದಕ್ಕೆ ಕಳುಹಿಸಿ ತೆರೆದು ನೋಡಿದೆವು. ಸುರಂಗದ ಅಜ್ಜನ ಮಾತು ಅರ್ಕಾವೊತ್ತು ಸಹಿತ ಸರಿಯಾಗಿ ಕಾಣಿಸಿತು. “ಮೊಬೈಲು ಒಳ್ಳೆಯದುಂಟು” ಎಂದು ಹಿಂದಿರುಗಿಸಿದೆವು. ಅಷ್ಟರಲ್ಲಿ ಗಂಟೆ ಬಾರಿಸಿತು.